ಅತ್ತರೆ ಕಿವಿ ಬಿಡ್ತದೆ

ಹತ್ತು ತಿಂಗಳ ಮಗಳನ್ನು ಎತ್ತಿಕೊಂಡು ಮೊದಲ ಸಲ ವಿಮಾನ ಹತ್ತಿದಾಗ ನನಗಿದ್ದ ದೊಡ್ಡ ಭಯ ವಿಮಾನದ್ದಲ್ಲ, ಅವಳ ಅಳುವಿನದ್ದು. ಇನ್ನೂ ನಿಜ ಹೇಳಬೇಕೆಂದರೆ, ಅವಳು ಅತ್ತಾಗ ತಿರುಗಿ ನೋಡುವ ಮುಖಗಳದ್ದು.

ಆ ಮುಖ ಹೇಗಿರುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು. ಒಂದು ಕಾಲದಲ್ಲಿ ಅದು ನನ್ನದೇ ಮುಖವಾಗಿತ್ತು. ಮದುವೆಗೆ ಮುಂಚೆ ಆಫೀಸಿನ ಕೆಲಸದ ಮೇಲೆ ತಿಂಗಳಿಗೊಮ್ಮೆ ಪುಣೆಗೋ ಹೈದರಾಬಾದಿಗೋ ಹೋಗಿ ಬರುತ್ತಿದ್ದೆ. ಬೆಳಗಿನ ಫ್ಲೈಟ್, ಅರ್ಧ ನಿದ್ದೆ, ಮುಗಿಯದ ಪ್ರೆಸೆಂಟೇಶನ್. ಒಮ್ಮೆ ಪಕ್ಕದ ಸೀಟಿಗೆ ಕೈಗೂಸು ಎತ್ತಿಕೊಂಡ ತಾಯಿಯೊಬ್ಬಳು ಬಂದು ಕೂತಳು. ನಾನು ಗಗನಸಖಿಯನ್ನು ಕರೆದು ಮೆಲ್ಲಗೆ, "ಬೇರೆ ಸೀಟು ಖಾಲಿ ಇದೆಯಾ?" ಅಂತ ಕೇಳಿದೆ. ಆ ತಾಯಿಗೆ ಅದು ಕೇಳಿಸಿತು. ನಾನು ಎದ್ದು ಹೋಗುವಾಗ ಅವಳು ನನಗೆ "ಸಾರಿ" ಅಂದಳು. ಮಗು ಆಗ ಇನ್ನೂ ಅತ್ತಿರಲೇ ಇಲ್ಲ.

ಅದನ್ನು ನಾನು ಮರೆತೂಬಿಟ್ಟಿದ್ದೆ. ನೆನಪಾಗಿದ್ದು 2024ರ ಜುಲೈ ಕೊನೆಯಲ್ಲಿ.

ಮಂಗಳವಾರ ರಾತ್ರಿ ಅಮ್ಮನ ಫೋನು ಬಂತು. "ಅಪ್ಪನಿಗೆ ಎದೆನೋವು ಬಂತು ಮಗಾ. ಮಂಗಳೂರಿಗೆ ಕರ್ಕೊಂಡು ಬಂದಿದ್ದೇವೆ. ಮೂರು ಕಡೆ ಬ್ಲಾಕ್ ಉಂಟಂತೆ. ಶುಕ್ರವಾರ ಬೈಪಾಸ್ ಮಾಡ್ತಾರಂತೆ." ಅಮ್ಮನ ದನಿ ಪಕ್ಕದ ಮನೆಯವರ ಸುದ್ದಿ ಹೇಳುವ ಹಾಗೆ ಸಮವಾಗಿತ್ತು. ಹಿಂದಿನಿಂದ ಅಪ್ಪ ಫೋನು ತೆಗೆದುಕೊಂಡರು. "ನೀನು ಬರ್ಬೇಡ. ಮಳೆ ಜೋರುಂಟು. ಸಣ್ಣ ಮಗುವನ್ನು ಹಿಡ್ಕೊಂಡು ಎಂತ ಬರುದು? ಮತ್ತೆ ಬಾ."

ನಮ್ಮ ಪುತ್ತೂರಿನ ಕಡೆ 'ಮತ್ತೆ' ಅಂದರೆ 'ಆಮೇಲೆ'. ಆದರೆ ಆ 'ಆಮೇಲೆ' ಅನ್ನೋದು ಇರುತ್ತದೆ ಅಂತ ಯಾರು ಬರೆದುಕೊಡ್ತಾರೆ?

ಹೋಗುವುದು ಅಂತ ಆ ಕ್ಷಣವೇ ನಿರ್ಧಾರ ಆಯ್ತು. ಹೇಗೆ ಅನ್ನೋದೇ ಪ್ರಶ್ನೆ. ಆ ವಾರ ಎಡಕುಮೇರಿ-ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣು ಕುಸಿದು ರೈಲು ನಿಂತಿತ್ತು. ಶಿರಾಡಿ ಘಾಟಿಯ ದೊಡ್ಡತಪ್ಪಲೆಯ ಹತ್ತಿರ ಗುಡ್ಡ ಜರಿದು ರಸ್ತೆಯೂ ಇವತ್ತು ತೆರೆದರೆ ನಾಳೆ ಬಂದ್ ಅನ್ನುವ ಸ್ಥಿತಿ. ಅದೇ ದಿನ ಬೆಳಗ್ಗಿನಿಂದ ಟಿವಿ ತುಂಬಾ ವಯನಾಡಿನ ದೃಶ್ಯಗಳು. ಸುತ್ತಿ ಬಳಸಿ ಇನ್ನೊಂದು ಘಾಟಿಯಲ್ಲಿ ರಾತ್ರಿಯಿಡೀ ಮಗು ಕಟ್ಟಿಕೊಂಡು ಇಳಿಯುವ ಧೈರ್ಯ ನನಗಿರಲಿಲ್ಲ. ನಮ್ಮವರು ಆಫೀಸಿನ ಕೆಲಸದ ಮೇಲೆ ಮೂರು ತಿಂಗಳಿಗೆ ನೆದರ್ಲೆಂಡ್ಸ್‌ಗೆ ಹೋಗಿದ್ದರು. ಅತ್ತೆ, "ಪಾಪೂನ ನಾನು ನೋಡ್ಕೋತೀನಿ, ನೀನು ಹೋಗಿ ಬಾಮ್ಮ" ಅಂದರು. ಆದರೆ ಪುಟ್ಟಿ ಬಾಟಲಿ ಮುಟ್ಟುವವಳಲ್ಲ, ಎದೆಹಾಲೇ ಬೇಕು. ಹಾಗಾಗಿ ಉಳಿದದ್ದು ವಿಮಾನ, ಗುರುವಾರ ಮಧ್ಯಾಹ್ನದ್ದು.

ಟಿಕೆಟ್ ಮಾಡುವಾಗಲೇ ಗೊತ್ತಾಗಿದ್ದು, ಎರಡು ವರ್ಷದೊಳಗಿನ ಮಕ್ಕಳಿಗೆ ಬೇರೆ ಸೀಟು ಇರುವುದಿಲ್ಲ, ನಮ್ಮ ಮಡಿಲೇ ಸೀಟು ಅಂತ. ಅದಕ್ಕೂ ಒಂದು ಚಿಕ್ಕ ದರ ಇದೆ. ವಯಸ್ಸಿಗೆ ದಾಖಲೆಯಾಗಿ ಜನನ ಪ್ರಮಾಣಪತ್ರ ಇಟ್ಟುಕೊಳ್ಳಬೇಕು. ಭಯವಾದಾಗ ನಾನು ಮಾಡುವುದು ಒಂದೇ ಕೆಲಸ, ಎಕ್ಸೆಲ್ ಶೀಟ್ ತೆರೆಯುವುದು. ಆ ರಾತ್ರಿ ಪಟ್ಟಿ ಮಾಡಿದೆ. ಡಯಾಪರ್ ಆರು, ಅವಳಿಗೆ ಎರಡು ಜೊತೆ ಬಟ್ಟೆ, ನನಗೊಂದು ಟಾಪ್, ಫ್ಲಾಸ್ಕಿನಲ್ಲಿ ಬಿಸಿನೀರು, ಡಬ್ಬಿಯಲ್ಲಿ ರಾಗಿ ಸರಿ, ಅಮ್ಮನ ಹಳೇ ಕಾಟನ್ ಸೀರೆಯ ತುಂಡು, ಸದ್ದು ಮಾಡದ ಆಟಿಕೆ ಮೂರು. ಸದ್ದು ಮಾಡದ್ದು ಅಂತ ಬರೆದು ಅದರ ಕೆಳಗೆ ಗೆರೆಯನ್ನೂ ಎಳೆದಿದ್ದೆ. ಈಗ ಆ ಶೀಟ್ ನೋಡಿದರೆ, ಅದರ ಅರ್ಧಕ್ಕರ್ಧ ಮಗುವಿಗಾಗಿ ಮಾಡಿದ್ದಲ್ಲ, ಅಕ್ಕಪಕ್ಕದವರಿಗಾಗಿ ಮಾಡಿದ್ದು ಅಂತ ಗೊತ್ತಾಗುತ್ತದೆ.

ಬುಧವಾರ ಮಕ್ಕಳ ಡಾಕ್ಟರ ಹತ್ತಿರ ಹೋದೆ. ಪುಟ್ಟಿಗೆ ಹಿಂದಿನ ವಾರ ನೆಗಡಿಯಾಗಿತ್ತು. ಅವರು ಕಿವಿಗೆ ಲೈಟ್ ಹಾಕಿ ನೋಡಿ, "ಪರವಾಗಿಲ್ಲ, ಹೋಗಬಹುದು" ಅಂದರು. ಕಿವಿಗೆ ಹತ್ತಿ ಇಡಲಿಕ್ಕೆ ಅಮ್ಮ ಹೇಳಿದ್ದನ್ನು ಕೇಳಿದೆ. ಅವರು ನಕ್ಕರು. "ಹತ್ತಿ ಕಿವಿಯ ಹೊರಗಡೆ ಇರುತ್ತೆ. ಒತ್ತಡ ಇರೋದು ತಮಟೆಯ ಒಳಗಡೆ."

ಅವರು ವಿವರಿಸಿದ್ದು ಹೀಗೆ. ಕಿವಿಯ ತಮಟೆಯ ಹಿಂದೆ ಒಂದಿಷ್ಟು ಗಾಳಿ ಇರುತ್ತದೆ. ಅಲ್ಲಿಂದ ಮೂಗಿನ ಹಿಂಭಾಗಕ್ಕೆ ಒಂದು ಸಣ್ಣ ನಾಳ. ನಾವು ನುಂಗಿದಾಗ, ಆಕಳಿಸಿದಾಗ ಆ ನಾಳ ತೆರೆದುಕೊಂಡು ಒಳಗಿನ ಒತ್ತಡ, ಹೊರಗಿನ ಒತ್ತಡ ಸಮ ಆಗುತ್ತದೆ. ಮಕ್ಕಳಲ್ಲಿ ಅದು ಇನ್ನೂ ಕಿರಿದು, ಹೆಚ್ಚು ಅಡ್ಡಡ್ಡ ಇರುತ್ತದೆ. ಮೇಲೇರುವಾಗ ಒಳಗಿನ ಗಾಳಿ ಸುಲಭವಾಗಿ ಹೊರಗೆ ಬರುತ್ತದೆ. ಕಷ್ಟ ಇರುವುದು ಇಳಿಯುವಾಗ. "ಏರುವಾಗ, ಇಳಿಯುವಾಗ ಹಾಲು ಕೊಡಿ. ಮಗು ನಿದ್ದೆ ಮಾಡ್ತಿದ್ರೂ ಇಳಿಯೋಕೆ ಶುರುವಾದಾಗ ಎಬ್ಬಿಸಿ. ನಿದ್ದೆಯಲ್ಲಿ ನುಂಗೋದು ಕಮ್ಮಿ." ಕೊನೆಯ ಮಾತನ್ನು ಎರಡು ಸಲ ಹೇಳಿದರು.

ನಮ್ಮ ಕಡೆಯವರಿಗೆ ಇದು ಹೊಸದಲ್ಲ. ಘಾಟಿ ಇಳಿಯುವಾಗ ಕಿವಿ ಗುಂಯ್ ಅಂತ ಮುಚ್ಚಿಕೊಳ್ಳುವುದು ಇದೇ ಕಾರಣಕ್ಕೆ. ಚಿಕ್ಕವಳಿದ್ದಾಗ ಬಸ್ಸು ಸಕಲೇಶಪುರ ದಾಟಿದ ಕೂಡಲೇ ಅಪ್ಪ ಜೇಬಿನಿಂದ ಪೆಪ್ಪರ್‌ಮಿಂಟ್ ತೆಗೆದು ಕೊಡುತ್ತಿದ್ದರು. "ಚೀಪು, ಕಿವಿ ಬಿಡ್ತದೆ." ಅದು ಪ್ರೀತಿಗೆ ಕೊಟ್ಟದ್ದು ಅಂತ ಅಂದುಕೊಂಡಿದ್ದೆ. ವಿಜ್ಞಾನವೂ ಇತ್ತು ಅಂತ ಗೊತ್ತಾಗಿದ್ದು ಈಗ. ವಿಮಾನ ಎಷ್ಟೇ ಎತ್ತರದಲ್ಲಿ ಹಾರಿದರೂ ಒಳಗಿನ ಗಾಳಿಯ ಒತ್ತಡ ಹೆಚ್ಚೆಂದರೆ ಸುಮಾರು 2400 ಮೀಟರ್ ಎತ್ತರದ ಬೆಟ್ಟದ ಮೇಲಿನಷ್ಟೇ ಇರುವಂತೆ ನೋಡಿಕೊಳ್ಳುತ್ತಾರೆ. ಬೆಂಗಳೂರಿನ ವಿಮಾನ ನಿಲ್ದಾಣವೇ ಸಮುದ್ರಮಟ್ಟದಿಂದ 900 ಮೀಟರಿಗಿಂತ ಮೇಲಿದೆ, ಮಂಗಳೂರಿನ ಬಜಪೆ ಸುಮಾರು 100 ಮೀಟರ್. ಅಂದರೆ ಈ ದಾರಿಯಲ್ಲಿ ಏರುವುದಕ್ಕಿಂತ ಇಳಿಯುವುದೇ ಜಾಸ್ತಿ. ಇದನ್ನೂ ಶೀಟಿನಲ್ಲಿ ಬರೆದುಕೊಂಡೆ: 'ಇಳಿಯುವಾಗ ಎಬ್ಬಿಸಬೇಕು.'

ಗುರುವಾರ ಜೆ.ಪಿ. ನಗರದಿಂದ ದೇವನಹಳ್ಳಿ ತಲುಪಲಿಕ್ಕೆ ಎರಡು ಗಂಟೆ ಹಿಡಿಯಿತು. ಅಲ್ಲಿಂದ ಮಂಗಳೂರಿಗೆ ಒಂದು ಗಂಟೆ! ಮಗುವನ್ನು ಎದೆಗೆ ಕಟ್ಟಿಕೊಳ್ಳುವ ಚೀಲದಲ್ಲಿ ಹಾಕಿಕೊಂಡಿದ್ದೆ. ಸೆಕ್ಯುರಿಟಿಯಲ್ಲಿ ಅದನ್ನು ಬಿಚ್ಚಿ ಸ್ಕ್ಯಾನರ್‌ಗೆ ಹಾಕಬೇಕು ಅಂದರು. ಒಂದು ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ಟ್ರೇ, ಹಿಂದೆ ಉದ್ದದ ಸಾಲು. ರಾಗಿ ಸರಿ, ಬಿಸಿನೀರು ಮಗುವಿನ ಊಟ ಅಂದಾಗ ಮುಚ್ಚಳ ತೆಗೆದು ನೋಡಿ ಬಿಟ್ಟರು. ಪರದೆಯ ಹಿಂದೆ ತಪಾಸಣೆ ಮಾಡಿದ ಮಹಿಳಾ ಸಿಬ್ಬಂದಿ ಪುಟ್ಟಿಯ ಕೆನ್ನೆಯ ದೃಷ್ಟಿಬೊಟ್ಟು ನೋಡಿ ನಕ್ಕರು. ನಾನು ಅವರಿಗೂ "ಸಾರಿ" ಅಂದೆ. ಬೆಳಗ್ಗಿನಿಂದ ಎಷ್ಟು ಜನಕ್ಕೆ ಸಾರಿ ಹೇಳಿದ್ದೆನೋ ಲೆಕ್ಕವಿಲ್ಲ. ಕ್ಯಾಬ್ ಡ್ರೈವರ್‌ಗೆ, ಟ್ರಾಲಿ ತಾಗಿದವರಿಗೆ, ತಾಗದವರಿಗೆ.

ನಾನು ಆರಿಸಿಕೊಂಡಿದ್ದ ಸೀಟು ಕೌಂಟರಿನಲ್ಲೇ ಬದಲಾಗಿತ್ತು. ಆ ಸಾಲಿನಲ್ಲಿ ಆಗಲೇ ಇನ್ನೊಂದು ಕೈಗೂಸು ಇತ್ತಂತೆ. ಮೂರು ಸೀಟಿನ ಸಾಲಿನ ಮೇಲೆ ಸಾಮಾನ್ಯವಾಗಿ ಆಕ್ಸಿಜನ್ ಮಾಸ್ಕ್ ಇರುವುದು ನಾಲ್ಕು. ಮೂವರು ದೊಡ್ಡವರಿಗೆ ಮೂರು, ಮಡಿಲ ಮಗುವಿಗೆ ಒಂದು. ಅದಕ್ಕೇ ಒಂದು ಸಾಲಿಗೆ ಒಂದೇ ಕೂಸು. ಎಷ್ಟೋ ಸಲ ಹಾರಿದ್ದರೂ ಇದು ನನಗೆ ತಿಳಿದಿರಲಿಲ್ಲ.

ಪಕ್ಕದ ಕಿಟಕಿ ಸೀಟಿನಲ್ಲಿ ಇಪ್ಪತ್ತೈದರ ಹುಡುಗ. ಲ್ಯಾಪ್‌ಟಾಪ್, ಕುತ್ತಿಗೆಯಲ್ಲಿ ಕಂಪನಿಯ ಟ್ಯಾಗ್. ಪುಟ್ಟಿಯನ್ನು ನೋಡಿದ, ನನ್ನನ್ನು ನೋಡಿದ, ದೊಡ್ಡ ಹೆಡ್‌ಫೋನ್ ಏರಿಸಿಕೊಂಡ. ಹಳೆಯ ನಾನೇ ಗಂಡುವೇಷದಲ್ಲಿ ಬಂದು ಕೂತ ಹಾಗಾಯ್ತು. ಆಚೆ ಸಾಲಿನ ಅಂಚಿನಲ್ಲಿ ತಲೆಗೆ ದುಪಟ್ಟ ಹೊದ್ದ ಅರವತ್ತು ದಾಟಿದ ಹೆಂಗಸು, ಕೈಯಲ್ಲಿ ಜಪಮಾಲೆ.

ಗಗನಸಖಿ ಮಗುವಿಗೆಂದು ಒಂದು ಚಿಕ್ಕ ಬೆಲ್ಟ್ ತಂದು ನನ್ನ ಬೆಲ್ಟಿಗೆ ಪೋಣಿಸಿ ಹೇಗೆ ಹಾಕುವುದು ಅಂತ ತೋರಿಸಿದಳು. ವಿಮಾನ ಕದಲಿದ ಕೂಡಲೇ ನಾನು ದುಪಟ್ಟ ಮುಚ್ಚಿ ಹಾಲು ಕೊಡಲು ಶುರುಮಾಡಿದೆ. ಇದು ಮೊದಲ ತಪ್ಪು. ವಿಮಾನ ಮೆಲ್ಲಗೆ ಹೋಗಿ, ಸಾಲಿನಲ್ಲಿ ನಿಂತು, ರನ್‌ವೇ ಸೇರುವ ಹೊತ್ತಿಗೆ ಇಪ್ಪತ್ತು ನಿಮಿಷ. ಅಷ್ಟರಲ್ಲಿ ಪುಟ್ಟಿಗೆ ಹೊಟ್ಟೆ ತುಂಬಿ ಆಟ ಶುರುವಾಗಿತ್ತು. ಆದರೂ ಏರುವಾಗ ಏನೂ ಆಗಲಿಲ್ಲ. ಎಂಜಿನ್ನಿನ ಸದ್ದಿಗೆ ಕಣ್ಣು ಅಗಲ ಮಾಡಿ ಕೂತಳು. ಮೋಡದ ಮೇಲೆ ಬಂದಾಗ ಬಿಸಿಲು. ಹತ್ತೇ ನಿಮಿಷದಲ್ಲಿ ನನ್ನ ತೋಳಿನ ಮೇಲೆ ನಿದ್ದೆ.

ಆ ನೆಮ್ಮದಿ ಹೇಗೆ ಹೇಳಲಿ! ಮಂಗಳವಾರದಿಂದ ಮೊದಲ ಸಲ ಭುಜ ಸಡಿಲವಾಯಿತು. ನಮ್ಮನ್ನು ಯಾರೂ ನೋಡುತ್ತಿಲ್ಲ ಅಂತ ಹೆಮ್ಮೆಯೂ ಆಯ್ತು.

ಸ್ವಲ್ಪ ಹೊತ್ತಿಗೇ ಇಳಿಯುವ ಸೂಚನೆ ಬಂತು. ಎಬ್ಬಿಸಬೇಕು ಅಂತ ನೆನಪಿತ್ತು. ಮರೆತೆ ಅಂತ ಸುಳ್ಳು ಹೇಳುವುದಿಲ್ಲ. ಡಾಕ್ಟರು ಎರಡು ಸಲ ಹೇಳಿದ್ದೂ ನೆನಪಿತ್ತು, ಶೀಟಿನ ಸಾಲೂ ನೆನಪಿತ್ತು. ಆದರೆ ಎಬ್ಬಿಸಿದರೆ ಅಳುತ್ತಾಳೆ. ಇಷ್ಟು ಚೆನ್ನಾಗಿ ನಡೀತಾ ಇದೆ, ಇನ್ನು ಹತ್ತು ನಿಮಿಷ, ಹೀಗೇ ಇಳಿದುಬಿಡೋಣ ಅನ್ನಿಸ್ತು. ಮಗುವಿನ ಕಿವಿಗಿಂತ ಸುತ್ತಲಿನವರ ಕಿವಿ ನನಗೆ ಮುಖ್ಯವಾಯಿತು. ಎಬ್ಬಿಸಲಿಲ್ಲ.

ಆಮೇಲೆ ಪೈಲಟ್ ದನಿ. ಮಂಗಳೂರಿನಲ್ಲಿ ಮಳೆ ಜೋರಾಗಿದೆ, ಸ್ವಲ್ಪ ಹೊತ್ತು ಮೇಲೆಯೇ ಸುತ್ತಬೇಕಾಗುತ್ತದೆ ಅಂತ. ವಿಮಾನ ಮೋಡದೊಳಗೆ ಹೊಕ್ಕು ಕುಲುಕಿತು. ಕಿಟಕಿಯಾಚೆ ಪೂರ್ತಿ ಬೂದು. ನನ್ನ ಕಿವಿಯೇ ಮುಚ್ಚಿಕೊಂಡಿತು. ಆಗಲೇ ಪುಟ್ಟಿ ಚೀರಿ ಎದ್ದಳು.

ಅಂಥ ಅಳು ನಾನು ಅವಳಿಂದ ಕೇಳಿರಲಿಲ್ಲ. ಚುಚ್ಚುಮದ್ದಿನ ದಿನವೂ ಇಲ್ಲ. ಬೆನ್ನು ಹಿಂದಕ್ಕೆ ಬಿಲ್ಲಿನ ಹಾಗೆ ಬಾಗಿಸಿ, ಕಿವಿ ಹಿಡಿದು ಎಳೆದುಕೊಂಡು, ಮುಖ ಕೆಂಪಾಗಿ. ಹಾಲು ಕೊಡಲು ನೋಡಿದರೆ ತಲೆ ಆಚೆ ತಿರುಗಿಸಿದಳು. ಸದ್ದು ಮಾಡದ ಆಟಿಕೆ ಮೂರೂ ಕೆಳಗೆ ಬಿದ್ದವು. ಬೆಲ್ಟ್ ಹಾಕಿದ್ದರಿಂದ ಎದ್ದು ಓಡಾಡಿಸುವ ಹಾಗಿಲ್ಲ. ನಾನು ಅವಳ ಮುಖವನ್ನು ಎದೆಗೆ ಒತ್ತಿಕೊಂಡು "ಶ್... ಶ್..." ಅನ್ನುತ್ತಾ, ಎದುರಿಗೆ, ಹಿಂದಕ್ಕೆ, ಪಕ್ಕಕ್ಕೆ ತಿರುಗಿ "ಸಾರಿ, ಸಾರಿ" ಅನ್ನುತ್ತಿದ್ದೆ. ಎರಡು ಸಾಲು ಮುಂದಿನಿಂದ ಒಂದು ಮುಖ ತಿರುಗಿತು. ನನಗೆ ಗೊತ್ತಿದ್ದ ಆ ಮುಖವೇ.

ಆಗ ಆಚೆ ಸಾಲಿನಿಂದ ಒಂದು ಕೈ ಬಂದು ನನ್ನ ತೋಳು ಮುಟ್ಟಿತು.

"ಬಾಯಿ ಮುಚ್ಚಿಸ್ಬೇಡಿ ಅಮ್ಮ. ಅಳ್ಲಿ ಬಿಡಿ. ಅತ್ತರೆ ಕಿವಿ ಬಿಡ್ತದೆ."

ನಾನು ಮಂಕಾಗಿ ನೋಡಿದೆ. ಅವರು ಮಳೆಯ ಬಗ್ಗೆ ಮಾತಾಡುವಷ್ಟು ಸಲೀಸಾಗಿ ಹೇಳಿದರು. "ನಾನು ನನ್ನ ಮೂರು ಮಕ್ಕಳನ್ನು ಹೀಗೇ ದುಬೈಗೆ ಕರ್ಕೊಂಡು ಹೋಗಿ ಬಂದವಳು. ದೊಡ್ಡವನು ಹತ್ತುವಾಗ ಶುರು ಮಾಡಿದ್ರೆ ಇಳಿಯುವವರೆಗೆ. ಎಂತ ಆಗ್ಲಿಲ್ಲ. ಈಗ ಅವನೇ ಟಿಕೆಟ್ ಮಾಡಿ ಕೊಡುದು." ಮತ್ತೆ ನನ್ನ ಮುಖ ನೋಡಿ ದನಿ ತಗ್ಗಿಸಿ ಕೇಳಿದರು, "ಮನೆಗಾ?"

"ಅಪ್ಪನಿಗೆ ನಾಳೆ ಹಾರ್ಟ್ ಆಪರೇಷನ್."

ಎರಡು ದಿನದಲ್ಲಿ ನಾನು ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಮ್ಯಾನೇಜರ್‌ಗೆ 'ಫ್ಯಾಮಿಲಿ ಎಮರ್ಜೆನ್ಸಿ' ಅಂತ ಮೆಸೇಜ್ ಹಾಕಿದ್ದೆ. ನಮ್ಮವರಿಗೆ 'ಎಲ್ಲ ಮ್ಯಾನೇಜ್ ಮಾಡ್ತೀನಿ' ಅಂದಿದ್ದೆ. ಈಗ ಹೆಸರೂ ಗೊತ್ತಿಲ್ಲದವರ ಮುಂದೆ ಹೇಳಿ, ಪುಟ್ಟಿಯ ಜೊತೆ ನಾನೂ ಅತ್ತುಬಿಟ್ಟೆ. ಅವರು "ಅಯ್ಯೋ ಮಗಾ" ಅಂದು ತೋಳು ಬಿಡದೆ ಹಿಡಿದುಕೊಂಡರು. ಇನ್ನೊಂದು ಕೈಯಲ್ಲಿ ಜಪಮಾಲೆ ಓಡುತ್ತಲೇ ಇತ್ತು.

ನಾನು "ಶ್" ಅನ್ನುವುದನ್ನು ನಿಲ್ಲಿಸಿದೆ. ಪುಟ್ಟಿಯನ್ನು ನೆಟ್ಟಗೆ ಕೂರಿಸಿಕೊಂಡು ಬೆನ್ನು ಸವರುತ್ತಾ ಕೂತೆ. ಎಷ್ಟು ಹೊತ್ತು ಅತ್ತಳೋ ಗೊತ್ತಿಲ್ಲ. ಒಂದು ಹಂತದಲ್ಲಿ ದೊಡ್ಡದಾಗಿ ಬಿಕ್ಕಿ, ನುಂಗಿ, ಸುಮ್ಮನಾಗಿ, ಆಶ್ಚರ್ಯವಾದವಳಂತೆ ಸುತ್ತ ನೋಡಿದಳು. ಕಿವಿ ಬಿಟ್ಟಿತ್ತು. ಆಮೇಲೆ ಹಾಲಿಗೆ ತಾನೇ ಮುಖ ತಿರುಗಿಸಿದಳು.

ಮಂಗಳೂರಿನದು ಗುಡ್ಡದ ತಲೆ ಸವರಿ ಮಾಡಿದ ರನ್‌ವೇ. 2010ರ ಮೇ 22ರ ದುರಂತವನ್ನು ಮರೆತವರು ನಮ್ಮ ಜಿಲ್ಲೆಯಲ್ಲಿ ಇಲ್ಲ. ಚಕ್ರ ನೆಲ ಮುಟ್ಟುವವರೆಗೆ ಇಡೀ ವಿಮಾನದಲ್ಲಿ ಒಂದು ಮಾತಿಲ್ಲ. ಮುಟ್ಟಿ, ನೀರು ಚಿಮ್ಮಿಸುತ್ತಾ ನಿಂತಿತು. ಕಿಟಕಿಯ ಹುಡುಗ ಹೆಡ್‌ಫೋನ್ ತೆಗೆದ. ಬೈಗುಳಕ್ಕೆ ತಯಾರಾಗಿ ನಾನು ಬಾಯ್ತೆರೆದು "ಸಾರಿ" ಅನ್ನುವಷ್ಟರಲ್ಲಿ ಅವನು ಬಗ್ಗಿ ಸೀಟಿನ ಕೆಳಗಿನಿಂದ ಮೂರೂ ಆಟಿಕೆ ಹೆಕ್ಕಿ ಕೊಟ್ಟ. ಮೇಲಿನಿಂದ ನನ್ನ ಚೀಲ ಇಳಿಸಿಕೊಟ್ಟ. ಒಂದು ಮಾತೂ ಆಡಲಿಲ್ಲ. ಅವನ ಸಿಟ್ಟು ಅಂತ ನಾನು ಊಹಿಸಿಕೊಂಡದ್ದು ಬರೀ ಮುಜುಗರವೇ ಇರಬಹುದು.

ನನ್ನ ಹಾಗೆ ಮೊದಲ ಸಲ ಹೋಗುವ ಅಮ್ಮ ಅಪ್ಪಂದಿರಿಗೆ ನಾಲ್ಕು ಮಾತು. ನೆಗಡಿ, ಕಿವಿನೋವು ಇದ್ದರೆ ಮೊದಲೇ ಡಾಕ್ಟರಿಗೆ ತೋರಿಸಿ. ಮಗುವಿನ ವಯಸ್ಸಿನ ದಾಖಲೆ ಕೈಗೆ ಸಿಗುವಲ್ಲಿ ಇಟ್ಟುಕೊಳ್ಳಿ. ಹಾಲನ್ನು ವಿಮಾನ ಕದಲಿದಾಗ ಅಲ್ಲ, ರನ್‌ವೇಯಲ್ಲಿ ಓಡಲು ಶುರುಮಾಡಿದಾಗ ಕೊಡಿ. ಇಳಿಯುವ ಸೂಚನೆ ಬಂದಾಗ ನಿದ್ದೆಯಲ್ಲಿದ್ದರೂ ಎಬ್ಬಿಸಿ. ದೊಡ್ಡ ಮಕ್ಕಳಾದರೆ ನೀರು ಗುಟುಕರಿಸಲು ಕೊಡಿ. ಇಷ್ಟೆಲ್ಲ ಮಾಡಿಯೂ ಅತ್ತರೆ, ಅಳಲಿ. ಅಳುವುದೂ ಕಿವಿ ಬಿಡಿಸಿಕೊಳ್ಳುವ ದಾರಿಯೇ ಅಂತ ನಮ್ಮ ಡಾಕ್ಟರೂ ಆಮೇಲೆ ಹೇಳಿದರು. ನಾನು ಯಾವುದನ್ನು ನಿಲ್ಲಿಸಲು ಒದ್ದಾಡಿದೆನೋ ಅದೇ ಅವಳ ಕೆಲಸ ಮಾಡುತ್ತಿತ್ತು.

ಅಪ್ಪನ ಆಪರೇಷನ್ ಚೆನ್ನಾಗಿ ಆಯಿತು. ಆದರೆ ವಾರ್ಡಿಗೆ ಬಂದ ಮೇಲೆ ಹೊಸ ತಕರಾರು. ಎದೆಗೂಡು ಬಿಚ್ಚಿ ಹೊಲಿದವರು ಚೆನ್ನಾಗಿ ಕೆಮ್ಮಿ ಕಫ ಹೊರಗೆ ಹಾಕಬೇಕು, ಇಲ್ಲದಿದ್ದರೆ ಶ್ವಾಸಕೋಶಕ್ಕೆ ಸೋಂಕಾಗುವ ಅಪಾಯ. ಎದೆಗೆ ದಿಂಬು ಒತ್ತಿ ಹಿಡಿದು ಕೆಮ್ಮಿ ಅಂತ ನರ್ಸ್ ಹೇಳಿಕೊಟ್ಟರೂ ಅಪ್ಪ ಕೆಮ್ಮುತ್ತಿರಲಿಲ್ಲ, ತಡೆದುಕೊಳ್ಳುತ್ತಿದ್ದರು. "ನೋವಾಗ್ತದಾ?" ಅಂತ ಅಮ್ಮ ಕೇಳಿದರೆ, "ಪಕ್ಕದ ಬೆಡ್ಡಿನವರು ಮಲಗಿದ್ದಾರೆ" ಅಂದರಂತೆ. ನನ್ನ 'ಸಾರಿ' ಎಲ್ಲಿಂದ ಬಂದದ್ದು ಅಂತ ಆಗ ಗೊತ್ತಾಯಿತು. ಅವತ್ತು ರಾತ್ರಿ ಅವರಿಗೆ ವಿಮಾನದ ಕಥೆ ಪೂರ್ತಿ ಹೇಳಿದೆ, ಎಬ್ಬಿಸದೇ ಇದ್ದದ್ದನ್ನೂ ಸೇರಿಸಿ. ಸುಮ್ಮನೆ ಕೇಳಿದರು. "ಪೆಪ್ಪರ್‌ಮಿಂಟ್ ಕೊಡ್ಲಿಕ್ಕೆ ಅದಕ್ಕೆ ಹಲ್ಲೂ ಇಲ್ಲ ಅಲ್ಲಾ" ಅಂದರು ಅಷ್ಟೆ.

ವಾರ್ಡಿನೊಳಗೆ ಚಿಕ್ಕ ಮಕ್ಕಳನ್ನು ಬಿಡುವುದಿಲ್ಲ. ಐದನೇ ದಿನ ಅಪ್ಪ ಅಮ್ಮನ ಕೈ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ದಿಂಬು ಅವಚಿಕೊಂಡು, ಲಿಫ್ಟಿನ ತನಕ ನಡೆದುಕೊಂಡು ಬಂದರು. ನಾನು ಪುಟ್ಟಿಯನ್ನು ಎತ್ತಿಕೊಂಡು ಅಲ್ಲಿ ನಿಂತಿದ್ದೆ. ಅಜ್ಜನನ್ನು ಕಂಡು ಅವಳು ಎರಡೂ ಕೈ ಚಾಚಿದಳು. ಭಾರ ಎತ್ತಬಾರದು ಅಂತ ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಎತ್ತಿಕೊಳ್ಳಲಿಲ್ಲ ಅಂತ ಪುಟ್ಟಿ ಇಡೀ ಕಾರಿಡಾರಿಗೆ ಕೇಳುವಂತೆ ರಾಗ ತೆಗೆದಳು. ಸೆಕ್ಯುರಿಟಿಯವರು ತಿರುಗಿ ನೋಡಿದರು. ಅಭ್ಯಾಸಬಲ, ನನ್ನ ಕೈ ಅವಳ ಬಾಯಿಯ ಹತ್ತಿರ ಹೋಯಿತು.

"ಅಳ್ಲಿ ಬಿಡು ಮಾರಾಯ್ತಿ" ಅಂದರು ಅಪ್ಪ. "ಅತ್ತರೆ ಕಿವಿ ಬಿಡ್ತದಂತಲ್ಲ."

ಹೇಳಿ ನಗಲಿಕ್ಕೆ ಹೋಗಿ, ನೋವಾಗಿ, ದಿಂಬನ್ನು ಎದೆಗೆ ಒತ್ತಿ ಹಿಡಿದು, ಯಾರು ಮಲಗಿದ್ದಾರೆ ಅಂತ ನೋಡದೆ ಗಟ್ಟಿಯಾಗಿ ಎರಡು ಸಲ ಕೆಮ್ಮಿದರು.